ಕೋರ್ಟಿಗೆ ಹೊಸ ಜಡ್ಜ್ ಬಂದರೆ ನಿಮ್ಮ ಕೇಸು ಏನಾಗುತ್ತೆ? ವಕೀಲರು ಹೇಗೆ ತಯಾರಾಗ್ತಾರೆ, ಕಕ್ಷಿದಾರರು ಏನು ನೋಡ್ಕೋಬೇಕು

ಹಾಸನ: ಬೇಸಿಗೆ ರಜೆ ಮುಗಿದು ಸಿವಿಲ್ ಕೋರ್ಟುಗಳು ಮತ್ತೆ ಶುರುವಾಗುವ ಹೊತ್ತಿಗೆ ಜಿಲ್ಲೆಯ ಕೋರ್ಟ್ ಆವರಣಗಳಲ್ಲಿ, ಎದುರಿನ ಟೀ ಅಂಗಡಿ, ಝೆರಾಕ್ಸ್ ಅಂಗಡಿಗಳಲ್ಲಿ ಒಂದೇ ಪ್ರಶ್ನೆ ಓಡಾಡುತ್ತಿರುತ್ತದೆ. ‘ಹೊಸ ಸಾಹೇಬ್ರು ಹೇಗಂತೆ?’

ವಕೀಲರಿಗೆ ಇದು ಕೆಲಸದ ಪ್ರಶ್ನೆ. ಕಕ್ಷಿದಾರರಿಗೆ ಇದು ಭಯದ ಪ್ರಶ್ನೆ. ಐದಾರು ವರ್ಷ ಅಲೆದು, ಸಾಕ್ಷಿ ಹೇಳಿ, ಇನ್ನೇನು ತೀರ್ಪು ಬರುತ್ತೆ ಅನ್ನುವಾಗ ಜಡ್ಜ್ ವರ್ಗವಾದರೆ ಎಲ್ಲಾ ಮೊದಲಿನಿಂದ ಶುರುವೇ? ಹಳೇ ಸಾಹೇಬರ ಮುಂದೆ ಹೇಳಿದ ಮಾತು ಹೊಸಬರಿಗೆ ಹೇಗೆ ಗೊತ್ತಾಗುತ್ತೆ? ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂಥ ತಾಲ್ಲೂಕು ಕೇಂದ್ರಗಳಲ್ಲಿ ಈ ಗೊಂದಲ ಇನ್ನೂ ಜಾಸ್ತಿ. ಇಲ್ಲಿ ಸಿವಿಲ್ ಜಡ್ಜ್ ಅವರೇ ಜೆಎಂಎಫ್‌ಸಿ ಮ್ಯಾಜಿಸ್ಟ್ರೇಟ್ ಕೂಡ ಆಗಿರುತ್ತಾರೆ. ಬದುವಿನ ಜಗಳ, ಚೆಕ್ ಬೌನ್ಸ್, ಹೊಡೆದಾಟದ ಕೇಸು ಎಲ್ಲವೂ ಅದೇ ಹಾಲ್‌ನಲ್ಲಿ ನಡೆಯುತ್ತವೆ. ಹಾಗಾಗಿ ಒಬ್ಬರು ವರ್ಗವಾದರೂ ನೂರಾರು ಮನೆಗಳಿಗೆ ಅದರ ಬಿಸಿ ತಟ್ಟುತ್ತದೆ.

ವಿಷಯದ ತಿರುಳು ಇಷ್ಟು: ಜಡ್ಜ್ ಬದಲಾದರೂ ಕೇಸು ಬದಲಾಗಲ್ಲ. ಆದರೆ ಹೊಸ ಜಡ್ಜ್ ನೋಡುವುದು ಫೈಲಿನಲ್ಲಿ ಇರುವುದನ್ನು ಮಾತ್ರ. ಬರೆದಿದ್ದು ಉಳಿಯುತ್ತೆ, ಬರೀ ಬಾಯಲ್ಲಿ ಹೇಳಿದ್ದು ಹಳೇ ಜಡ್ಜ್ ಜೊತೆಗೇ ಹೋಗುತ್ತೆ. ವಕೀಲರ ತಯಾರಿಯೆಲ್ಲ ಈ ಒಂದು ಮಾತಿನ ಸುತ್ತಲೇ ನಡೆಯುತ್ತದೆ.

ವರ್ಗಾವಣೆ ಮಾಡೋರು ಯಾರು?

ಕೆಳ ಹಂತದ ನ್ಯಾಯಾಧೀಶರ ವರ್ಗಾವಣೆ ಸರ್ಕಾರದ ಕೈಯಲ್ಲಿಲ್ಲ. ಸಂವಿಧಾನದ 235ನೇ ವಿಧಿ ಪ್ರಕಾರ ಜಿಲ್ಲಾ ಮತ್ತು ತಾಲ್ಲೂಕು ಕೋರ್ಟುಗಳ ಮೇಲಿನ ನಿಯಂತ್ರಣ ಹೈಕೋರ್ಟಿನದು. ಯಾರನ್ನು ಎಲ್ಲಿಗೆ ಹಾಕಬೇಕು ಅನ್ನುವುದನ್ನು ತೀರ್ಮಾನಿಸುವುದು ಕರ್ನಾಟಕ ಹೈಕೋರ್ಟ್. ಶಾಸಕರಾಗಲಿ, ಮಂತ್ರಿಯಾಗಲಿ ‘ನಮ್ಮೂರಿಗೆ ಇಂಥವರನ್ನೇ ಹಾಕಿಸ್ತೀನಿ’ ಅಂದರೆ ಅದು ಬರೀ ಮಾತು.

ಸಾಮಾನ್ಯ ವರ್ಗಾವಣೆಯ ಪಟ್ಟಿ ಹೆಚ್ಚಾಗಿ ಬೇಸಿಗೆ ರಜೆಯ ಆಸುಪಾಸಿನಲ್ಲಿ ಹೈಕೋರ್ಟ್ ವೆಬ್‌ಸೈಟಿನಲ್ಲಿ ಬರುತ್ತದೆ. ಮಕ್ಕಳ ಶಾಲೆ ಶುರುವಾಗುವ ಮುಂಚೆ ಮನೆ ಬದಲಿಸಲು ಅನುಕೂಲ ಅನ್ನುವುದೂ ಇದರಲ್ಲಿ ಸೇರಿದೆ. ಪಟ್ಟಿಯ ಪಿಡಿಎಫ್ ಬಂದ ಅರ್ಧ ಗಂಟೆಯಲ್ಲಿ ವಕೀಲರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತದೆ. ಯಾರು ಹೋಗ್ತಾರೆ, ಯಾರು ಬರ್ತಾರೆ, ಎಲ್ಲಿಂದ ಬರ್ತಾರೆ ಅನ್ನುವುದು ಅಲ್ಲಿಂದಲೇ ಗೊತ್ತಾಗುವುದು. ಆಮೇಲೆ ವಕೀಲರ ಸಂಘದಲ್ಲಿ ಒಂದು ಬೀಳ್ಕೊಡುಗೆ, ಒಂದು ಸ್ವಾಗತ ಸಮಾರಂಭ. ಹಾರ, ಶಾಲು, ಎರಡು ಮಾತು ಮುಗಿದ ಮರುದಿನದಿಂದ ಅಸಲಿ ಕೆಲಸ ಶುರು.

ಕೇಸು ಮೊದಲಿನಿಂದ ಶುರುವಾಗುತ್ತಾ?

ಬಹುತೇಕ ಕೇಸುಗಳಲ್ಲಿ ಇಲ್ಲ.

ಸಿವಿಲ್ ದಾವೆಗಳಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 18, ರೂಲ್ 15 ಅನ್ವಯಿಸುತ್ತದೆ. ಹಿಂದಿನ ಜಡ್ಜ್ ದಾಖಲಿಸಿದ ಸಾಕ್ಷ್ಯವನ್ನು ಹೊಸ ಜಡ್ಜ್ ತಾವೇ ದಾಖಲಿಸಿದಂತೆ ಬಳಸಬಹುದು, ಕೇಸು ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಬಹುದು ಎಂದು ಅದು ಹೇಳುತ್ತದೆ. ವಾದಿಯ ಪಾಟಿ ಸವಾಲು ಅರ್ಧ ಆಗಿದ್ದರೆ ಉಳಿದರ್ಧ ಹೊಸಬರ ಮುಂದೆ ನಡೆಯುತ್ತದೆ.

ಕ್ರಿಮಿನಲ್ ಕೇಸುಗಳಲ್ಲೂ ಹೀಗೆಯೇ. ಹಳೆಯ ಸಿಆರ್‌ಪಿಸಿಯ 326ನೇ ಸೆಕ್ಷನ್ನಿನಲ್ಲಿ ಇದ್ದದ್ದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 361ನೇ ಸೆಕ್ಷನ್ನಿನಲ್ಲಿದೆ. ಅರ್ಧ ಸಾಕ್ಷ್ಯ ಒಬ್ಬರ ಮುಂದೆ, ಅರ್ಧ ಇನ್ನೊಬ್ಬರ ಮುಂದೆ ಆಗಿದ್ದರೂ ತೀರ್ಪು ಕೊಡಬಹುದು. ಯಾವುದಾದರೂ ಸಾಕ್ಷಿಯನ್ನು ನ್ಯಾಯದ ದೃಷ್ಟಿಯಿಂದ ಮತ್ತೆ ವಿಚಾರಿಸಲೇಬೇಕು ಅನ್ನಿಸಿದರೆ ಹೊಸ ಜಡ್ಜ್ ಅವರನ್ನು ಮತ್ತೆ ಕರೆಸಬಹುದು.

ಮತ್ತೆ ಹೇಳಬೇಕಾಗಿ ಬರುವುದು ವಾದ. ಇಬ್ಬರೂ ವಕೀಲರು ವಾದ ಮುಗಿಸಿ, ಕೇಸು ತೀರ್ಪಿಗೆ ಇಟ್ಟಿದ್ದಾಗ ಜಡ್ಜ್ ತೀರ್ಪು ಬರೆಯದೆ ವರ್ಗವಾದರೆ ಹೊಸ ಜಡ್ಜ್ ಮುಂದೆ ವಾದ ಮತ್ತೆ ಮಾಡಬೇಕು. ಕೇಳದವರು ತೀರ್ಪು ಬರೆಯಲು ಆಗಲ್ಲ. ಆದರೆ ಸಿವಿಲ್ ದಾವೆಯಲ್ಲಿ ಹಳೇ ಜಡ್ಜ್ ತೀರ್ಪು ಬರೆದಿಟ್ಟು ಓದುವುದು ಮಾತ್ರ ಬಾಕಿ ಇದ್ದರೆ ಅದನ್ನು ಹೊಸಬರು ಓದಿ ಹೇಳಬೇಕು. ಇದು ಆರ್ಡರ್ 20, ರೂಲ್ 2ರಲ್ಲಿದೆ.

ಇನ್ನೊಂದು ತಪ್ಪು ತಿಳಿವಳಿಕೆ ಊರಲ್ಲಿ ಚಾಲ್ತಿಯಲ್ಲಿದೆ. ಹಳೇ ಸಾಹೇಬರು ಕೊಟ್ಟ ಆದೇಶ ಇಷ್ಟ ಆಗದವರು ‘ಹೊಸಬರು ಬರಲಿ, ಬದಲಾಯಿಸೋಣ’ ಅಂತ ಕಾಯುತ್ತಾರೆ. ಹಾಗಾಗಲ್ಲ. ಸಹಿ ಹಾಕಿದ ಕ್ರಿಮಿನಲ್ ತೀರ್ಪನ್ನು ಬರವಣಿಗೆಯ ತಪ್ಪು ತಿದ್ದುವುದು ಬಿಟ್ಟರೆ ಅದೇ ಕೋರ್ಟ್ ಬದಲಿಸುವ ಹಾಗಿಲ್ಲ. ಸಿವಿಲ್‌ನಲ್ಲಿ ಪುನರ್‌ಪರಿಶೀಲನೆಗೆ ಅವಕಾಶ ಇದ್ದರೂ ಕಾರಣಗಳು ಬಹಳ ಬಿಗಿ. ಆದೇಶ ತಪ್ಪು ಅನ್ನಿಸಿದರೆ ದಾರಿ ಮೇಲ್ಮನವಿ, ಅದಕ್ಕೆ ವಾಯಿದೆ ಇದೆ. ಹೊಸ ಜಡ್ಜ್ ಬರಲಿ ಅಂತ ಕಾಯುತ್ತಾ ಕೂತರೆ ಮೇಲ್ಮನವಿಯ ದಿನಗಳೂ ಕಳೆದುಹೋಗುತ್ತವೆ.

ಚೆಕ್ ಬೌನ್ಸ್ ಕೇಸು: ಅಂಗಡಿಯವರು ಗಮನಿಸಬೇಕಾದ್ದು

‘ಮೊದಲಿನಿಂದ ಶುರುವಾಗಲ್ಲ’ ಅನ್ನುವ ನಿಯಮಕ್ಕೆ ಒಂದು ದೊಡ್ಡ ಅಪವಾದ ಇದೆ. ಅದು ತಾಗುವುದು ಹೆಚ್ಚಾಗಿ ವ್ಯಾಪಾರಿಗಳಿಗೇ.

ಚೆಕ್ ಬೌನ್ಸ್ ಕೇಸುಗಳನ್ನು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ ಸಂಕ್ಷಿಪ್ತ ವಿಚಾರಣೆಯಾಗಿ, ಅಂದರೆ ಸಮ್ಮರಿ ಟ್ರಯಲ್ ಆಗಿ ನಡೆಸಬೇಕು. ಸಂಕ್ಷಿಪ್ತ ವಿಚಾರಣೆಯಲ್ಲಿ ಜಡ್ಜ್ ಸಾಕ್ಷಿಯ ಮಾತನ್ನು ಪೂರ್ತಿ ಬರೆಸಿಕೊಳ್ಳಬೇಕಿಲ್ಲ, ಸಾರಾಂಶ ಸಾಕು. ಸಾರಾಂಶ ಮಾತ್ರ ಇದ್ದರೆ, ಸಾಕ್ಷಿಯನ್ನು ಕಣ್ಣಾರೆ ನೋಡದ ಹೊಸ ಜಡ್ಜ್ ಅದರ ಮೇಲೆ ತೀರ್ಪು ಕೊಡುವುದು ಹೇಗೆ? ಅದಕ್ಕೇ ಸಂಕ್ಷಿಪ್ತ ವಿಚಾರಣೆಗೆ ‘ಎಲ್ಲಿ ನಿಂತಿತ್ತೋ ಅಲ್ಲಿಂದ’ ಎಂಬ ನಿಯಮ ಅನ್ವಯಿಸಲ್ಲ ಎಂದು ಕಾನೂನೇ ಹೇಳುತ್ತದೆ. 2011ರಲ್ಲಿ ನಿತಿನ್‌ಭಾಯಿ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದು, ಹೊಸ ಮ್ಯಾಜಿಸ್ಟ್ರೇಟ್ ವಿಚಾರಣೆಯನ್ನು ಮೊದಲಿನಿಂದ ನಡೆಸಬೇಕು ಅಂದಿತು.

ಆಮೇಲೆ 2014ರಲ್ಲಿ ಜೆ.ವಿ. ಬಹರೂನಿ ಪ್ರಕರಣದಲ್ಲಿ ಅದೇ ಕೋರ್ಟ್ ಇನ್ನಷ್ಟು ಸ್ಪಷ್ಟ ಮಾಡಿತು. ಹೆಸರಿಗೆ ಸಂಕ್ಷಿಪ್ತ ವಿಚಾರಣೆ ಆಗಿದ್ದು, ನಿಜದಲ್ಲಿ ಸಾಕ್ಷಿ ಹೇಳಿಕೆ, ಪಾಟಿ ಸವಾಲು ಎಲ್ಲಾ ಪೂರ್ತಿಯಾಗಿ ದಾಖಲಾಗಿದ್ದರೆ ಮೊದಲಿನಿಂದ ಶುರು ಮಾಡಬೇಕಿಲ್ಲ. ಸಂಕ್ಷಿಪ್ತ ವಿಚಾರಣೆಯನ್ನು ಸಮನ್ಸ್ ವಿಚಾರಣೆಗೆ ಬದಲಿಸುವಾಗ ಮ್ಯಾಜಿಸ್ಟ್ರೇಟ್ ಕಾರಣ ಬರೆಯಬೇಕು ಎಂದು 2021ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು.

ಇದರ ಅರ್ಥ ಏನು? ಉದಾಹರಣೆಗೆ, ಚನ್ನರಾಯಪಟ್ಟಣದ ಒಬ್ಬ ಕೊಬ್ಬರಿ ವ್ಯಾಪಾರಿ ತಿಪಟೂರಿನವರಿಗೆ ಮಾಲು ಕೊಟ್ಟು ಚೆಕ್ ಪಡೆದರು, ಚೆಕ್ ವಾಪಸ್ ಬಂತು ಅಂತಿಟ್ಟುಕೊಳ್ಳಿ. ಅವರ ಬ್ಯಾಂಕ್ ಖಾತೆ ಚನ್ನರಾಯಪಟ್ಟಣದಲ್ಲಿದ್ದರೆ ಕೇಸೂ ಚನ್ನರಾಯಪಟ್ಟಣದಲ್ಲೇ. 2015ರ ತಿದ್ದುಪಡಿ ಅದನ್ನು ಸರಿಮಾಡಿದೆ. ಕೇಸು ಎರಡು ವರ್ಷ ನಡೆದು ಜಡ್ಜ್ ಬದಲಾದರು. ಈಗ ಅವರ ವಕೀಲರು ಮೊದಲು ನೋಡುವುದು ಎರಡು: ಹೇಳಿಕೆ ಪೂರ್ತಿ ದಾಖಲಾಗಿದೆಯಾ? ಸಮನ್ಸ್ ವಿಚಾರಣೆಗೆ ಬದಲಿಸಿದ್ದೇವೆ ಎಂಬ ಸಾಲು ಆರ್ಡರ್ ಶೀಟಿನಲ್ಲಿ ಇದೆಯಾ? ಇದನ್ನು ಈಗಲೇ ಹೊಸ ಜಡ್ಜ್ ಗಮನಕ್ಕೆ ತಂದು ಸರಿಮಾಡಿಸಿಕೊಂಡರೆ ಒಳ್ಳೆಯದು. ಇಲ್ಲದಿದ್ದರೆ ಶಿಕ್ಷೆಯಾದ ಮೇಲೆ ಎದುರುಗಡೆಯವರು ಅಪೀಲಿನಲ್ಲಿ ಇದೇ ತಕರಾರು ಎತ್ತುತ್ತಾರೆ. ಗೆದ್ದ ಕೇಸು ಮತ್ತೆ ಮೊದಲ ಮೆಟ್ಟಿಲಿಗೆ ಬರುವ ಅಪಾಯ ಇರುತ್ತದೆ.

ವಕೀಲರು ಏನೇನು ವಿಚಾರಿಸ್ತಾರೆ?

ಪಟ್ಟಿ ಬಂದ ದಿನವೇ ಮೊದಲ ಫೋನು ಹೋಗುವುದು ಹೊಸ ಜಡ್ಜ್ ಹಿಂದೆ ಇದ್ದ ಊರಿನ ವಕೀಲ ಸ್ನೇಹಿತರಿಗೆ. ಕೇಳುವುದು ಗುಟ್ಟಿನ ವಿಷಯವೇನಲ್ಲ. ಬೆಳಿಗ್ಗೆ ಸರಿಯಾಗಿ ಎಷ್ಟು ಹೊತ್ತಿಗೆ ಪೀಠಕ್ಕೆ ಬರ್ತಾರೆ? ಕೇಸು ಕೂಗಿದಾಗ ವಕೀಲರು ಪಕ್ಕದ ಹಾಲ್‌ನಲ್ಲಿದ್ದರೆ ಪಾಸ್ ಓವರ್ ಕೊಡ್ತಾರಾ? ವಾಯಿದೆ ಕೇಳಿದರೆ ದಂಡ ಹಾಕ್ತಾರಾ? ವಾದ ಬಾಯಲ್ಲಿ ಕೇಳ್ತಾರಾ, ಬರೆದುಕೊಡಿ ಅಂತಾರಾ? ಪಾಟಿ ಸವಾಲಿನಲ್ಲಿ ಪ್ರಶ್ನೆ ಉದ್ದ ಆದರೆ ತಡೀತಾರಾ? ಕನ್ನಡದಲ್ಲಿ ವಾದ ಮಾಡಿದರೆ ಅನುಕೂಲವೋ, ಇಂಗ್ಲಿಷಿನಲ್ಲೋ?

ಹೀಗೆ ಬಂದ ಮಾಹಿತಿಯನ್ನು ಅನುಭವಸ್ಥರು ಪೂರ್ತಿ ನಂಬಲ್ಲ. ಕೇಸು ಸೋತವರಿಗೆ ಜಡ್ಜ್ ಬಿಗಿ, ಗೆದ್ದವರಿಗೆ ಒಳ್ಳೆಯವರು. ಅದೂ ಅಲ್ಲದೆ ದೊಡ್ಡ ಊರಿನ ಕೋರ್ಟಿನಲ್ಲಿ ಒಂದೇ ಬಗೆಯ ಕೇಸು ನೋಡಿದವರು ತಾಲ್ಲೂಕಿಗೆ ಬಂದಾಗ ರೀತಿ ಬೇರೆಯೇ ಆಗಿರಬಹುದು.

ಅದಕ್ಕೇ ಎರಡನೇ ಹೆಜ್ಜೆ, ಓದುವುದು. ಜಿಲ್ಲಾ ಮತ್ತು ತಾಲ್ಲೂಕು ಕೋರ್ಟುಗಳ ಆದೇಶ, ತೀರ್ಪುಗಳು ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಸಿಗುತ್ತವೆ. ಹೊಸ ಜಡ್ಜ್ ಹಿಂದಿನ ಕೋರ್ಟಿನಲ್ಲಿ ಬರೆದ ಪಾಲು ವಿಭಾಗದ ತೀರ್ಪು, ತಡೆಯಾಜ್ಞೆಯ ಆದೇಶ, ಚೆಕ್ ಕೇಸಿನ ತೀರ್ಪು ನಾಲ್ಕೈದು ಓದಿದರೆ ಅವರು ಯಾವುದಕ್ಕೆ ಬೆಲೆ ಕೊಡುತ್ತಾರೆ ಅನ್ನುವುದು ಗೊತ್ತಾಗುತ್ತದೆ. ಕೆಲವರು ಪಹಣಿ, ಮ್ಯುಟೇಷನ್ ದಾಖಲೆಗಳನ್ನು ಒಂದೊಂದಾಗಿ ಹಿಡಿದು ಬರೆಯುತ್ತಾರೆ. ಕೆಲವರು ಪಾಟಿ ಸವಾಲಿನಲ್ಲಿ ಒಪ್ಪಿಕೊಂಡ ಮಾತಿಗೆ ಹೆಚ್ಚು ಗಮನ ಕೊಡುತ್ತಾರೆ. ಕೆಲವರು ಮೇಲಿನ ಕೋರ್ಟುಗಳ ತೀರ್ಪು ಎಲ್ಲಿ ಅನ್ವಯಿಸುತ್ತೆ ಅಂತ ವಿವರಿಸಿ ಬರೆಯುತ್ತಾರೆ. ಅಂಥವರ ಮುಂದೆ ತೀರ್ಪಿನ ಪ್ರತಿ ಬರೀ ಕಟ್ಟು ಕಟ್ಟಿ ಕೊಟ್ಟರೆ ಆಗಲ್ಲ, ಯಾವ ಪ್ಯಾರಾ ಅಂತ ತೋರಿಸಬೇಕು.

ಮೂರನೇ ಹೆಜ್ಜೆ ಎಲ್ಲಕ್ಕಿಂತ ಹಳೆಯದು. ಹಾಲ್‌ನಲ್ಲಿ ಹೋಗಿ ಕೂರುವುದು. ತಮ್ಮ ಕೇಸು ಇಲ್ಲದಿದ್ದರೂ ಮೊದಲ ವಾರ ಬೆಳಿಗ್ಗೆ ಹೊತ್ತು ಹಿಂದಿನ ಬೆಂಚಿನಲ್ಲಿ ಕೂತು ನೋಡುವ ವಕೀಲರು ಈಗಲೂ ಇದ್ದಾರೆ. ಮುಂದಿನ ದಿನಾಂಕ ಎಷ್ಟು ದೂರಕ್ಕೆ ಕೊಡ್ತಾರೆ, ಸಾಕ್ಷಿ ಗಾಬರಿಯಾದರೆ ಹೇಗೆ ನೋಡ್ತಾರೆ, ಟೈಪ್ ಮಾಡುವವರಿಗೆ ಹೇಳಿಕೆಯನ್ನು ಹೇಗೆ ಹೇಳಿ ಬರೆಸ್ತಾರೆ ಅನ್ನುವುದು ಯಾವ ವೆಬ್‌ಸೈಟಿನಲ್ಲೂ ಸಿಗಲ್ಲ. ಹಾಸನದಲ್ಲಿ ಹಲವು ಕೋರ್ಟುಗಳಿರುವುದರಿಂದ ಹಾಲ್‌ನಿಂದ ಹಾಲ್‌ಗೆ ಓಡಾಡುವ ವಕೀಲರಿಗೆ ಇಷ್ಟು ಪುರುಸೊತ್ತು ಸಿಗುವುದು ಕಷ್ಟ. ಅವರ ಜೂನಿಯರ್‌ಗಳು ಕೂರುತ್ತಾರೆ.

ನಾಲ್ಕನೆಯದು ಕಚೇರಿ. ಜಡ್ಜ್ ಹೊಸಬರಾದರೂ ಶಿರಸ್ತೇದಾರರು, ಬೆಂಚ್ ಕ್ಲರ್ಕ್ ಸಾಮಾನ್ಯವಾಗಿ ಹಳಬರೇ ಇರುತ್ತಾರೆ. ತುರ್ತು ಅರ್ಜಿಯನ್ನು ಎಷ್ಟು ಗಂಟೆಯೊಳಗೆ ಕೊಡಬೇಕು, ಮೆಮೊ ಹಿಂದಿನ ದಿನ ಕೊಡಬೇಕೋ ಅವತ್ತೇ ಸಾಕೋ ಅನ್ನುವಂಥ ದಿನನಿತ್ಯದ ವಿಷಯಗಳನ್ನು ಅವರಲ್ಲೇ ಕೇಳಿ ತಿಳಿಯಬೇಕು.

ಫೈಲು ಕಟ್ಟುವುದೇ ದೊಡ್ಡ ಕೆಲಸ

ಜಡ್ಜ್ ಹೇಗೆ ಅನ್ನುವುದನ್ನು ತಿಳಿಯುವುದು ಅರ್ಧ ದಿನದ ಕೆಲಸ. ಫೈಲು ಸರಿಮಾಡುವುದಕ್ಕೆ ವಾರಗಟ್ಟಲೆ ಬೇಕು.

ಹಳೇ ಜಡ್ಜ್ ಒಂದು ಪಾಲಿನ ಕೇಸನ್ನು ಎರಡು ಮೂರು ವರ್ಷ ನೋಡಿದ್ದರೆ ಅಜ್ಜ ಯಾರು, ಎರಡನೇ ಹೆಂಡತಿಯ ಮಕ್ಕಳು ಎಷ್ಟು, ಯಾವ ಸರ್ವೆ ನಂಬರು ಯಾರ ಸ್ವಾಧೀನ ಅನ್ನುವುದು ಅವರ ತಲೆಯಲ್ಲಿ ಇರುತ್ತಿತ್ತು. ವಕೀಲರು ಎದ್ದು ನಿಂತರೆ ಸಾಕಿತ್ತು. ಹೊಸಬರ ಮುಂದೆ ಅದೇ ಕೇಸು ಬರೀ ಒಂದು ನಂಬರು. ಅವತ್ತಿನ ಪಟ್ಟಿಯಲ್ಲಿ ಅಂಥ ಹತ್ತಾರು ನಂಬರುಗಳಿರುತ್ತವೆ. ಮೊದಲ ಎರಡು ಮೂರು ನಿಮಿಷದಲ್ಲಿ ಕೇಸು ಏನು ಅಂತ ಹೇಳಲು ಬಂದವರ ಮಾತಿಗೆ ಕಿವಿ ಸಿಗುತ್ತದೆ.

ಅದಕ್ಕೆ ತಯಾರಾಗುವ ವಕೀಲರು ಪ್ರತಿ ಹಳೇ ಕೇಸಿಗೂ ಒಂದೇ ಪುಟದ ಟಿಪ್ಪಣಿ ಮಾಡಿಕೊಳ್ಳುತ್ತಾರೆ. ಯಾರ ನಡುವೆ, ಏನು ಬೇಕು ಅಂತ ದಾವೆ, ಎದುರುಗಡೆಯವರ ತಕರಾರು ಏನು, ವಿವಾದಾಂಶ ಎಷ್ಟು, ಯಾವ ಸಾಕ್ಷಿ ಮುಗಿದಿದೆ, ಯಾವುದು ಬಾಕಿ, ಮಧ್ಯಂತರ ಆದೇಶ ಇದೆಯಾ, ಮುಂದಿನ ಹಂತ ಏನು. ಪಾಲಿನ ಕೇಸಾದರೆ ಜೊತೆಗೆ ವಂಶವೃಕ್ಷ. ಬದುವಿನ ಕೇಸಾದರೆ ಸರ್ವೆ ನಕ್ಷೆ. ಅಪಘಾತ ಪರಿಹಾರದ ಕೇಸಾದರೆ ಗಾಯದ ವಿವರ, ಆಸ್ಪತ್ರೆ ಬಿಲ್ಲಿನ ಮೊತ್ತ, ಆದಾಯದ ದಾಖಲೆ.

ಇಂಥ ಒಂದು ಪುಟದ ಪದ್ಧತಿಯನ್ನು ಈಗ ಮೇಲಿನ ಕೋರ್ಟೇ ಹೇಳುತ್ತಿದೆ. ಚೆಕ್ ಬೌನ್ಸ್ ದೂರಿನ ಜೊತೆಗೆ ನಿಗದಿತ ನಮೂನೆಯಲ್ಲಿ ಸಾರಾಂಶ ಕೊಡಬೇಕು ಎಂದು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟಿದೆ. ಯಾವ ಜಡ್ಜ್ ತೆರೆದು ನೋಡಿದರೂ ಚೆಕ್ಕಿನ ದಿನಾಂಕ, ಮೊತ್ತ, ನೋಟಿಸಿನ ವಿವರ ಒಂದೇ ಕಡೆ ಕಾಣುತ್ತದೆ.

ಇದಕ್ಕಿಂತ ಮುಖ್ಯವಾದ ಕೆಲಸ ಆರ್ಡರ್ ಶೀಟ್ ಓದುವುದು. ಕೇಸಿನಲ್ಲಿ ಪ್ರತಿ ದಿನಾಂಕದಂದು ಏನು ನಡೆಯಿತು ಅಂತ ಬರೆಯುವ ಹಾಳೆ ಇದು. ಹೊಸ ಜಡ್ಜ್ ಮೊದಲು ತಿರುವಿ ನೋಡುವುದೂ ಇದನ್ನೇ. ‘ವಾದಿ ವಕೀಲರು ಕಾಲಾವಕಾಶ ಕೋರಿದರು’ ಎಂಬ ಸಾಲು ಆರು ಸಲ ಇದ್ದರೆ ತಡ ಮಾಡುತ್ತಿರುವವರು ಯಾರು ಅಂತ ಅವರಿಗೆ ಗೊತ್ತಾಗಲು ಅರ್ಧ ನಿಮಿಷ ಸಾಕು. ಕೇಸಿನ ವಿಚಾರಣೆಯಲ್ಲಿ ಒಬ್ಬ ಕಕ್ಷಿದಾರರಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 17ರಲ್ಲೇ ಇದೆ. ಹಳೇ ಜಡ್ಜ್ ಉದಾರವಾಗಿ ನಡೆಸಿಕೊಂಡು ಹೋಗಿರಬಹುದು, ಹೊಸಬರು ಹಾಗೇ ಇರಬೇಕು ಅಂತೇನಿಲ್ಲ.

ಸಾಕ್ಷ್ಯ ಮುಗಿದಿದೆ ಎಂದು ಹಳೇ ಜಡ್ಜ್ ಮುಚ್ಚಿಬಿಟ್ಟಿದ್ದರೆ, ಬಿಟ್ಟುಹೋದ ಸಾಕ್ಷಿಯನ್ನು ಕರೆಸಲು ಅರ್ಜಿ ಹಾಕಬೇಕು. ಕ್ರಿಮಿನಲ್ ಕೇಸಿನಲ್ಲಿ ಇದಕ್ಕೆ ಈಗಿನ ಸೆಕ್ಷನ್ 348, ಹಳೇದು 311. ‘ಹಿಂದಿನ ಸಾಹೇಬರು ಆಮೇಲೆ ನೋಡೋಣ ಅಂದಿದ್ರು’ ಅನ್ನುವ ಮಾತು ಆರ್ಡರ್ ಶೀಟಿನಲ್ಲಿ ಇಲ್ಲದಿದ್ದರೆ ಅದಕ್ಕೆ ಬೆಲೆ ಇಲ್ಲ.

ಕ್ರಿಮಿನಲ್ ಕೇಸುಗಳಲ್ಲಿ ಇನ್ನೊಂದು ಎಚ್ಚರ ಬೇಕು. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದಿದ್ದರೂ ಅದಕ್ಕೂ ಮೊದಲು ವಿಚಾರಣೆ ಬಾಕಿ ಇದ್ದ ಕೇಸುಗಳು ಹಳೇ ಸಿಆರ್‌ಪಿಸಿ ಪ್ರಕಾರವೇ ನಡೆಯುತ್ತವೆ. ಒಂದೇ ಹಾಲ್‌ನಲ್ಲಿ ಎರಡೂ ಕಾನೂನಿನ ಕೇಸು ಇರುವುದರಿಂದ ತಮ್ಮ ಕೇಸು ಯಾವುದರ ಕೆಳಗೆ ಬರುತ್ತೆ ಅಂತ ವಕೀಲರು ಮೊದಲೇ ಗುರುತು ಹಾಕಿಕೊಂಡು ಹೋಗುತ್ತಾರೆ.

ಕುರ್ಚಿ ಖಾಲಿ ಇದ್ದಾಗ ಆಗುವ ಅನಾಹುತ

ಹಳಬರು ಹೋಗಿ ಹೊಸಬರು ಬರುವ ನಡುವೆ ಕೆಲವು ದಿನ, ಕೆಲವು ಸಲ ಇನ್ನೂ ಹೆಚ್ಚು ಕಾಲ ಕೋರ್ಟು ಪ್ರಭಾರದಲ್ಲಿ ನಡೆಯುತ್ತದೆ. ಬೇರೆ ಜಡ್ಜ್ ತುರ್ತು ವಿಷಯ ನೋಡುತ್ತಾರೆ, ಉಳಿದ ಕೇಸುಗಳಿಗೆ ಮುಂದಿನ ದಿನಾಂಕ ಕೊಡಲಾಗುತ್ತದೆ. ‘ಜಡ್ಜ್ ಇಲ್ವಲ್ಲ, ಹೋಗೋದು ಯಾಕೆ’ ಅಂತ ಕಕ್ಷಿದಾರರು ಮನೆಯಲ್ಲೇ ಉಳಿಯುವುದು ಈ ಹೊತ್ತಲ್ಲೇ. ನಷ್ಟ ಆಗುವುದೂ ಈ ಹೊತ್ತಲ್ಲೇ.

ಮೊದಲನೆಯದು ತಡೆಯಾಜ್ಞೆ. ಅರಕಲಗೂಡು ಕಡೆಯ ರೈತರೊಬ್ಬರು ಪಕ್ಕದ ಹೊಲದವರ ಮೇಲೆ ತಾತ್ಕಾಲಿಕ ತಡೆಯಾಜ್ಞೆ ತಂದಿದ್ದಾರೆ ಅಂತಿಟ್ಟುಕೊಳ್ಳಿ. ಅಂಥ ಆದೇಶಗಳು ಎಷ್ಟೋ ಸಲ ‘ಮುಂದಿನ ದಿನಾಂಕದವರೆಗೆ’ ಅಂತ ಮಾತ್ರ ಇರುತ್ತವೆ. ಆ ದಿನ ವಕೀಲರು ಹಾಜರಾಗಿ ವಿಸ್ತರಣೆ ಕೇಳಿ, ಅದು ಆರ್ಡರ್ ಶೀಟಿನಲ್ಲಿ ಬರೆಯಲ್ಪಡಬೇಕು. ಕೇಳದೆ ಬಿಟ್ಟರೆ ಆದೇಶ ಜೀವಂತ ಇದೆಯಾ ಇಲ್ಲವಾ ಅನ್ನುವುದೇ ಜಗಳವಾಗುತ್ತದೆ. ಅಷ್ಟರಲ್ಲಿ ಬದುವಿನ ಮೇಲೆ ಜೆಸಿಬಿ ಓಡಿರುತ್ತದೆ.

ಎರಡನೆಯದು ಗೈರುಹಾಜರಿ. ಪ್ರಭಾರದ ದಿನ ಕೊಟ್ಟ ಮುಂದಿನ ದಿನಾಂಕ ಗೊತ್ತಿಲ್ಲದೆ ಹೊಸ ಜಡ್ಜ್ ಮುಂದೆ ಕೇಸು ಕೂಗಿದಾಗ ಯಾರೂ ಇರಲ್ಲ. ಸಿವಿಲ್ ದಾವೆ ಗೈರಿನ ಕಾರಣಕ್ಕೆ ವಜಾ ಆಗಬಹುದು, ಅದನ್ನು ಮತ್ತೆ ಜೀವಕ್ಕೆ ತರುವ ಅರ್ಜಿಗೆ 30 ದಿನದ ವಾಯಿದೆ. ಚೆಕ್ ಕೇಸಿನಲ್ಲಿ ಇನ್ನೂ ಕಷ್ಟ. ದೂರುದಾರರು ಬರದಿದ್ದರೆ ಆರೋಪಿಯನ್ನು ಬಿಡುಗಡೆ ಮಾಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ. ಹಾಗೆ ಬಿಡುಗಡೆಯಾದರೆ ಅದೇ ಕೋರ್ಟಿನಲ್ಲಿ ಸರಿಮಾಡಲು ಆಗಲ್ಲ, ಮೇಲಿನ ಕೋರ್ಟಿಗೇ ಹೋಗಬೇಕು. ಆರೋಪಿ ಬರದಿದ್ದರೆ ವಾರಂಟ್.

ಮೂರನೆಯದು ಹೊಸ ಕೇಸು ಹಾಕುವ ವಾಯಿದೆ. ಜಡ್ಜ್ ಇಲ್ಲ ಅಂತ ಕಾನೂನಿನ ಗಡಿಯಾರ ನಿಲ್ಲಲ್ಲ. ಚೆಕ್ ವಾಪಸ್ ಬಂದ ಮಾಹಿತಿ ಬ್ಯಾಂಕಿನಿಂದ ಸಿಕ್ಕ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ಮುಟ್ಟಿದ ಮೇಲೆ ಹಣ ಕೊಡಲು 15 ದಿನ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು. ಕಚೇರಿ ತೆರೆದೇ ಇರುತ್ತೆ, ಫೈಲಿಂಗ್ ನಡೆಯುತ್ತಲೇ ಇರುತ್ತೆ.

ಜಾಮೀನು ಅರ್ಜಿ, ಬಂಧಿತರನ್ನು ಹಾಜರುಪಡಿಸುವುದು ಇವು ಯಾವುದಕ್ಕೂ ಕಾಯುವ ಪ್ರಶ್ನೆ ಇಲ್ಲ. ಪೊಲೀಸರು ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ತರಲೇಬೇಕು. ಆ ಊರಿನ ಕುರ್ಚಿ ಖಾಲಿ ಇದ್ದರೆ ಪ್ರಭಾರದಲ್ಲಿರುವವರ ಮುಂದೆ.

‘ಸಾಹೇಬ್ರು ನಮ್ಮೋರು’ ಅನ್ನೋರ ಬಗ್ಗೆ ಎಚ್ಚರ

ಹೊಸ ಜಡ್ಜ್ ಬಂದ ಮೊದಲ ತಿಂಗಳಲ್ಲೇ ಕೋರ್ಟ್ ಸುತ್ತಮುತ್ತ ಇನ್ನೊಂದು ಬಗೆಯ ಜನ ಕಾಣಿಸಿಕೊಳ್ಳುತ್ತಾರೆ. ‘ಸಾಹೇಬ್ರು ನಮ್ಮ ಕಡೆಯೋರು’, ‘ನಮ್ಮ ಮಾವನ ಕ್ಲಾಸ್‌ಮೇಟು’, ‘ಒಂದಿಷ್ಟು ವ್ಯವಸ್ಥೆ ಮಾಡಿದ್ರೆ ಕೇಸು ಆಗೋಗುತ್ತೆ’ ಅಂತ ಹಣ ಕೇಳುತ್ತಾರೆ. ಜಡ್ಜ್‌ಗೆ ಇವರ ಹೆಸರೂ ಗೊತ್ತಿರಲ್ಲ. ಕೇಸು ಗೆದ್ದರೆ ನಾನೇ ಮಾಡಿಸಿದೆ ಅನ್ನುತ್ತಾರೆ, ಸೋತರೆ ಫೋನ್ ಎತ್ತಲ್ಲ.

ವಕೀಲರು ಜಡ್ಜ್ ಬಗ್ಗೆ ವಿಚಾರಿಸುವುದಕ್ಕೂ ಇದಕ್ಕೂ ಗೆರೆ ಸ್ಪಷ್ಟ ಇದೆ. ತೀರ್ಪು ಓದುವುದು, ಹಾಲ್‌ನಲ್ಲಿ ಕೂತು ನೋಡುವುದು, ಬೇರೆ ಊರಿನ ವಕೀಲರನ್ನು ಕೇಳುವುದು ಎಲ್ಲರಿಗೂ ತೆರೆದಿರುವ ದಾರಿ. ಬಾಕಿ ಇರುವ ಕೇಸಿನ ಬಗ್ಗೆ ಜಡ್ಜ್ ಜೊತೆ ಖಾಸಗಿಯಾಗಿ ಮಾತಾಡುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಹತ್ತಿರದ ಸಂಬಂಧಿ ಜಡ್ಜ್ ಆಗಿರುವ ಕೋರ್ಟಿನಲ್ಲಿ ವಕೀಲರು ಹಾಜರಾಗುವಂತೆಯೇ ಇಲ್ಲ. ಸರ್ಕಾರಿ ನೌಕರರ ಮೇಲೆ ಅಕ್ರಮವಾಗಿ ಪ್ರಭಾವ ಬೀರುತ್ತೇನೆ ಅಂತ ಹಣ ತೆಗೆದುಕೊಳ್ಳುವುದು ಭ್ರಷ್ಟಾಚಾರ ತಡೆ ಕಾಯ್ದೆಯ ಸೆಕ್ಷನ್ 7ಎ ಪ್ರಕಾರ ಅಪರಾಧ. 2018ರ ತಿದ್ದುಪಡಿಯಲ್ಲಿ ಬಂದ ಈ ಸೆಕ್ಷನ್ನಿಗೆ 3ರಿಂದ 7 ವರ್ಷದವರೆಗೆ ಜೈಲು, ಜೊತೆಗೆ ದಂಡ. ಕಾನೂನಿನ ದೃಷ್ಟಿಯಲ್ಲಿ ಜಡ್ಜ್ ಕೂಡ ಸರ್ಕಾರಿ ನೌಕರರ ವ್ಯಾಖ್ಯೆಯೊಳಗೆ ಬರುತ್ತಾರೆ. ಇಂಥ ದೂರುಗಳನ್ನು ನೋಡಲು ಹೈಕೋರ್ಟಿನಲ್ಲಿ ಜಾಗೃತ ವಿಭಾಗ ಇದೆ.

ಹೊಸ ಜಡ್ಜ್ ಬಿಗಿ ಅನ್ನುವ ಕಾರಣಕ್ಕೆ ಕೇಸು ಬೇರೆ ಕೋರ್ಟಿಗೆ ಹಾಕಿಸಿ ಅಂತಲೂ ಕೇಳಲು ಆಗಲ್ಲ. ಸಿವಿಲ್ ಕೇಸು ವರ್ಗಾಯಿಸುವ ಅಧಿಕಾರ ಜಿಲ್ಲಾ ಕೋರ್ಟಿಗೂ ಹೈಕೋರ್ಟಿಗೂ ಇದೆ, ಕ್ರಿಮಿನಲ್ ಕೇಸಿಗೆ ಸೆಷನ್ಸ್ ಜಡ್ಜ್‌ಗೂ ಹೈಕೋರ್ಟಿಗೂ ಇದೆ. ಆದರೆ ಅದಕ್ಕೆ ಗಟ್ಟಿ ಕಾರಣ, ದಾಖಲೆ ಬೇಕು. ಜಡ್ಜ್‌ಗೆ ಆ ಕೇಸಿನಲ್ಲಿ ವೈಯಕ್ತಿಕ ಹಿತಾಸಕ್ತಿ ಇದ್ದರೆ ಅದು ಕಾರಣ. ಒಂದು ದಿನ ಗದರಿದರು ಅನ್ನುವುದು ಕಾರಣ ಅಲ್ಲ.

ಕಕ್ಷಿದಾರರು ಮಾಡಬೇಕಾದ್ದು

* ಕೇಸಿನ ಸಿಎನ್‌ಆರ್ ನಂಬರ್ ಬರೆದಿಟ್ಟುಕೊಳ್ಳಿ. ಇದು 16 ಅಕ್ಷರ ಮತ್ತು ಅಂಕಿಗಳ ಗುರುತು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ದಿನಾಂಕ, ಕೇಸಿನ ಹಂತ, ಯಾವ ಜಡ್ಜ್ ಅನ್ನುವುದು ಉಚಿತವಾಗಿ ಕಾಣುತ್ತದೆ. ಪ್ರಭಾರದ ದಿನಗಳಲ್ಲಿ ಇದನ್ನು ವಾರಕ್ಕೊಮ್ಮೆ ನೋಡಿ.

* ತಡೆಯಾಜ್ಞೆ ಇದ್ದರೆ ‘ವಿಸ್ತರಣೆ ಆಗಿದೆಯಾ?’ ಅಂತ ವಕೀಲರನ್ನು ಕೇಳಿ. ಆದೇಶದ ಪ್ರತಿ ತೆಗೆದಿಟ್ಟುಕೊಳ್ಳಿ.

* ಮುಖ್ಯ ಆದೇಶ, ಹೇಳಿಕೆಗಳ ದೃಢೀಕೃತ ನಕಲನ್ನು ಕೋರ್ಟಿನ ನಕಲು ಶಾಖೆಯಿಂದ ಪಡೆದು ಮನೆಯಲ್ಲಿ ಒಂದು ಫೈಲು ಇಡಿ.

* ಜಡ್ಜ್ ಬದಲಾದರು ಅಂತ ಹೊಸ ವಕಾಲತ್ತು ಬೇಕಿಲ್ಲ, ಕೋರ್ಟ್ ಶುಲ್ಕ ಮತ್ತೆ ಕಟ್ಟಬೇಕಿಲ್ಲ. ಯಾರಾದರೂ ಹಾಗೆ ಕೇಳಿದರೆ ರಸೀದಿ ಕೇಳಿ.

* ಪಾಟಿ ಸವಾಲು ಬಾಕಿ ಇದ್ದರೆ ಹಿಂದೆ ಹೇಳಿದ ಹೇಳಿಕೆಯನ್ನು ವಕೀಲರ ಜೊತೆ ಕೂತು ಒಮ್ಮೆ ಓದಿಕೊಳ್ಳಿ. ಹಿಂದೆ ಒಂದು, ಈಗ ಇನ್ನೊಂದು ಹೇಳಿದರೆ ಹೊಸ ಜಡ್ಜ್ ಮುಂದೆ ಎರಡೂ ಕಾಗದದಲ್ಲಿ ಇರುತ್ತವೆ.

* ವಕೀಲರ ಖರ್ಚು ಕಷ್ಟ ಆಗುತ್ತಿದ್ದರೆ ಆಯಾ ತಾಲ್ಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಜೈಲಿನಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

* ರಾಜಿ ಆಗುವಂಥ ಕೇಸಾದರೆ ಲೋಕ ಅದಾಲತ್ ಬಗ್ಗೆ ಕೇಳಿ. ಅಲ್ಲಿ ಆದ ತೀರ್ಮಾನದ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಸಿಗುತ್ತದೆ.

ತಾಲ್ಲೂಕು ಕೋರ್ಟನ್ನು ಹಳಬರು ಈಗಲೂ ಮುನ್ಸೀಫ್ ಕೋರ್ಟು ಅಂತಲೇ ಕರೆಯುತ್ತಾರೆ. ಹೆಸರು ಬದಲಾಗಿ ಎಷ್ಟೋ ವರ್ಷ ಆಯ್ತು. ಈ ನಡುವೆ ಎಷ್ಟೋ ಜಡ್ಜ್‌ಗಳು ಬಂದು ಹೋದರು. ಕೆಲವು ಪಾಲಿನ ಕೇಸುಗಳು ಅಷ್ಟೂ ಜನರನ್ನು ನೋಡಿ ಇನ್ನೂ ಅಲ್ಲೇ ಇವೆ. ಅಂಥ ಕೇಸಿನಲ್ಲಿ ಇರುವವರು ಈ ಸಲ ‘ಹೊಸ ಸಾಹೇಬ್ರು ಹೇಗಂತೆ’ ಅಂತ ಕೇಳುವ ಮೊದಲು ತಮ್ಮ ವಕೀಲರಲ್ಲಿ ಇನ್ನೊಂದು ಪ್ರಶ್ನೆ ಕೇಳಲಿ: ‘ನಮ್ಮ ಆರ್ಡರ್ ಶೀಟಿನ ಕೊನೆಯ ಸಾಲಿನಲ್ಲಿ ಏನಿದೆ?’